ರಕ್ತದೊಳಗಣ ಸಾಕ್ಷಿಗಳು

ಚಳ್ಳಕೆರೆಯ ಎಣ್ಣೆಗಿರಣಿಗಳ ಬೀದಿಯಲ್ಲಾಗಲಿ, ಮೊಳಕಾಲ್ಮೂರಿನ ರೇಷ್ಮೆಮಗ್ಗದ ಮನೆಯಲ್ಲಾಗಲಿ, ಮಗುವಿಗೆ ಬಂದ ಜ್ವರವು ಎರಡು ವಾರವಾದರೂ ಇಳಿಯದೆ, ಮುಖ ಬಿಳಿಚಿ, ವಸಡಿನಲ್ಲಿ ರಕ್ತ ಜಿನುಗಿ, ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆಗಳೆದ್ದರೆ, ಮನೆಯವರು ಮೊದಲು ನೆನೆಯುವುದು ಮಲೇರಿಯಾ ಅಥವಾ ಡೆಂಗಿಯನ್ನು. ಬಹುತೇಕ ಅವರ ಊಹೆಯೇ ಸರಿಯಾಗಿರುವುದೂ ಉಂಟು. ಆದರೆ ಅಪರೂಪಕ್ಕೊಮ್ಮೆ ಅದು ತೀವ್ರ ರಕ್ತಾರ್ಬುದವಾಗಿರುತ್ತದೆ. ಆಗ ಒಂದೊಂದು ದಿನಕ್ಕೂ ಬೆಲೆಯುಂಟು.

ರಕ್ತಕಣಗಳು ಹುಟ್ಟುವುದು ಎಲುಬಿನೊಳಗಣ ಮಜ್ಜೆಯಲ್ಲಿ. ಈ ರೋಗದಲ್ಲಿ ಬಲಿಯದ ಬಿಳಿಯ ಕಣಗಳು ಶೇಂಗಾ ಹೊಲದ ಕಳೆಯಂತೆ ಅಲ್ಲಿ ಹಬ್ಬಿ, ಒಳ್ಳೆಯ ಕಣಗಳಿಗೆ ಎಡೆಯಿಲ್ಲದಂತೆ ಮಾಡುತ್ತವೆ. ಜರ್ಮನಿಯ ಫಿರ್ಖೋ ಎಂಬ ಪಂಡಿತನು ೧೮೪೭ರಲ್ಲಿ ಇದಕ್ಕೆ 'ಬಿಳಿಯ ರಕ್ತ' ಎಂಬರ್ಥದ ಲ್ಯುಕೀಮಿಯಾ ಎಂಬ ಹೆಸರನ್ನಿಟ್ಟನು.

ರೋಗವು ಮಜ್ಜೆಯಲ್ಲಿ ಅಡಗಿದ್ದರೂ ಅದರ ಸುಳಿವುಗಳು ರಕ್ತದ ತಿಳಿಯಲ್ಲಿ ಪ್ರೋಟೀನುಗಳ ರೂಪವಾಗಿ ತೇಲುತ್ತಿರುತ್ತವೆ. ಮುಖ್ಯವಾದುದು ಎಲ್.ಡಿ.ಎಚ್. ಎಂಬ ಕಿಣ್ವ. ಇದು ಎಲ್ಲ ಜೀವಕಣಗಳೊಳಗೂ ಇರುವಂಥದು; ಕಣಗಳು ಸತ್ತು ಒಡೆದಾಗ ಹೊರಚೆಲ್ಲುತ್ತದೆ. ರೋಗದ ಹೊರೆ ಹೆಚ್ಚಿದಷ್ಟೂ ಇದರ ಅಂಕೆ ಏರುವುದು ವಾಡಿಕೆ. ಆದರೆ ಇಲ್ಲಿ ಒಂದು ತೊಡಕುಂಟು. ಮೊಳಕಾಲ್ಮೂರಿನಲ್ಲಿ ತೆಗೆದ ರಕ್ತವು ಬಿಸಿಲಿನಲ್ಲಿ ಬಸ್ಸೇರಿ, ಕುಲುಕುತ್ತ ದೂರದ ಪ್ರಯೋಗಶಾಲೆಯನ್ನು ಮುಟ್ಟಿತೆನ್ನಿ. ದಾರಿಯಲ್ಲಿ ಕೆಂಪು ಕಣಗಳೇ ಒಡೆದು ಅಂಕೆಯನ್ನು ಸುಳ್ಳಾಗಿ ಏರಿಸಬಲ್ಲವು. ಯಕೃತ್ತಿನ ಬೇನೆಯಲ್ಲಿಯೂ ಅದು ಏರುತ್ತದೆ. ಆದಕಾರಣ ವರದಿಯಲ್ಲಿ ಗುರುತು ಹಾಕಿದ ಅಂಕೆಯೊಂದನ್ನೇ ಹಿಡಿದುಕೊಂಡು ಅಳುವುದೂ ಸಲ್ಲದು, ಅದು ಸರಿಯಾಗಿದೆಯೆಂದು ಸುಮ್ಮನಿರುವುದೂ ಸಲ್ಲದು.

ಕಣ್ಣೀರಿನಲ್ಲಿಯೂ ಕೋಳಿಮೊಟ್ಟೆಯ ಬಿಳಿಯಲ್ಲಿಯೂ ಇರುವ ಲೈಸೋಜೈಮು, ರಕ್ತಾರ್ಬುದದ ಒಂದು ಬಗೆಯಲ್ಲಿ ರಕ್ತದಲ್ಲಿಯೂ ಮೂತ್ರದಲ್ಲಿಯೂ ಹೆಚ್ಚುವುದು ವಿಚಿತ್ರವೇ ಸರಿ! ಯಕೃತ್ತು ತಯಾರಿಸುವ ಆಲ್ಬುಮಿನ್ನು ತಗ್ಗಿದ್ದರೆ, ರೋಗಿಯ ಶರೀರವು ಉಗ್ರ ಔಷಧಗಳನ್ನು ತಾಳುವುದು ಕಷ್ಟವೆಂದು ವೈದ್ಯರು ಎಚ್ಚರವಾಗುತ್ತಾರೆ.

ಈ ಸಾಕ್ಷಿಗಳಲ್ಲಿ ಗಂಟೆಗಳ ಲೆಕ್ಕದಲ್ಲಿ ಜೀವವುಳಿಸಬಲ್ಲುದು ಫೈಬ್ರಿನೋಜೆನ್. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನಿದು. ಆರೋಗ್ಯವಂತರಲ್ಲಿ ಡೆಸಿಲೀಟರಿಗೆ ಸುಮಾರು ೨೦೦ರಿಂದ ೪೦೦ ಮಿಲಿಗ್ರಾಮು. ಪ್ರೋಮೈಲೋಸೈಟಿಕ್ ಎಂಬ ಬಗೆಯ ರಕ್ತಾರ್ಬುದದಲ್ಲಿ ಇದು ಬೇಗಬೇಗನೆ ಕರಗಿಹೋಗಿ, ಮಿದುಳಿನಲ್ಲಿಯೇ ರಕ್ತಸ್ರಾವವಾಗುವ ಭಯವಿರುತ್ತದೆ. ದೈವಯೋಗದಿಂದ, ಇದೇ ಬಗೆಗೆ ಬಹು ಪರಿಣಾಮಕಾರಿಯಾದ ಔಷಧವೂ ಉಂಟು. ಶಾಂಘೈ ನಗರದ ವಾಂಗ್ ಝೆನ್‌ಯಿ ಎಂಬ ವೈದ್ಯರು ೧೯೮೫ರಲ್ಲಿ, ಎ ಜೀವಸತ್ತ್ವದಿಂದ ಬಂದ ರೆಟಿನಾಯಿಕ್ ಆಮ್ಲವನ್ನು ಒಬ್ಬ ಪುಟ್ಟ ಬಾಲಿಕೆಗೆ ಕೊಟ್ಟು ಗುಣಪಡಿಸಿದರು. ಅನಂತರ ಪಾಷಾಣದ ಔಷಧವೂ ಜೊತೆಗೂಡಿತು. ವಿಷವೇ ಮದ್ದಾಯಿತೆಂದರೆ ನಮ್ಮ ಹಿರಿಯರು ಬೆರಗಾಗುತ್ತಿರಲಿಲ್ಲ. ಇಂದು ಇಂಥ ರೋಗಿಗಳಲ್ಲಿ ಬಹುಪಾಲು ಜನರು ಗುಣಹೊಂದುತ್ತಾರೆ. ಆದರೆ ಮೊದಲ ವಾರಗಳ ರಕ್ತಸ್ರಾವವನ್ನು ದಾಟಬೇಕು. ಆದುದರಿಂದಲೇ ಅನುಮಾನ ಬಂದೊಡನೆ, ಕಡೆಯ ಪರೀಕ್ಷೆಯ ಉತ್ತರಕ್ಕೆ ಕಾಯದೆ, ಔಷಧವನ್ನು ಆರಂಭಿಸುತ್ತಾರೆ.

ಆದರೂ ಇವೆಲ್ಲ ಸಾಕ್ಷಿಗಳೇ ಹೊರತು ನ್ಯಾಯಾಧೀಶರಲ್ಲ. ತೀರ್ಪು ದೊರೆಯುವುದು ಮಜ್ಜೆಯ ಪರೀಕ್ಷೆಯಿಂದ. ಅಲ್ಲಿಯೂ ಪ್ರೋಟೀನುಗಳ ಕೆಲಸವುಂಟು: ಕಣದ ಮೈಮೇಲಿನ ಪ್ರೋಟೀನುಗಳು ಯಾವುವೆಂದು ಫ್ಲೋ ಸೈಟೋಮೀಟರ್ ಯಂತ್ರದಿಂದ ನೋಡಿ ರೋಗದ ಬಗೆಯನ್ನು ಗೊತ್ತುಮಾಡುತ್ತಾರೆ. ಮುಂದೇನಾಗಬಹುದೆಂಬುದನ್ನು ಬಹುಮಟ್ಟಿಗೆ ಕಣಗಳ ವಂಶವಾಹಿಗಳೂ, ಚಿಕಿತ್ಸೆಯ ಬಳಿಕ ಮಜ್ಜೆಯಲ್ಲಿ ರೋಗವೆಷ್ಟು ಉಳಿದಿದೆಯೆಂಬುದೂ ತಿಳಿಸುತ್ತವೆ. ಒಂದೇ ಹನಿಯಲ್ಲಿ ನೂರಾರು ಪ್ರೋಟೀನುಗಳನ್ನು ಅಳೆಯುವ ಯಂತ್ರಗಳು ಬಂದಿದ್ದರೂ, ಮಜ್ಜೆಗೆ ಸೂಜಿ ಚುಚ್ಚುವ ಕಷ್ಟವನ್ನು ಅವು ಇನ್ನೂ ತಪ್ಪಿಸಿಲ್ಲ.

ಗೃಹಸ್ಥರು ಮೊದಲು ಮಾಡಿಸಬೇಕಾದುದು ಇಷ್ಟೊಂದು ದೊಡ್ಡ ಪರೀಕ್ಷೆಯಲ್ಲ. ರಕ್ತಕಣಗಳ ಎಣಿಕೆ ಮತ್ತು ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು, ಇವೆರಡೇ ಅನುಮಾನವನ್ನು ಎಬ್ಬಿಸಲು ಸಾಕು. ಅನುಮಾನ ಬಂದರೆ ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೊರಡತಕ್ಕದ್ದು. ಬಿ.ಪಿ.ಎಲ್. ಕುಟುಂಬದವರು ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಮರೆಯದೆ ಒಯ್ಯಬೇಕು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಸಹಾಯಕ್ಕೆ ಅವು ಬೇಕಾಗುತ್ತವೆ. ಹೊರಡುವ ಮುನ್ನ ಜ್ವರಕ್ಕೆಂದು ಆಸ್ಪಿರಿನ್ ಗುಳಿಗೆಯನ್ನು ಮಾತ್ರ ಕೊಡಬಾರದು. ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ.