ಗಡಿ ಮತ್ತು ಬೀಜ

ಮುಂಗಾರು ಮಳೆ ಬಿದ್ದೊಡನೆ ಗುಡಿಬಂಡೆ, ಮಡಕಶಿರಾ, ರಾಯದುರ್ಗದ ಹೊಲಗಳಲ್ಲಿ ಕಡಲೆಕಾಯಿ ಬಿತ್ತನೆ ಆರಂಭವಾಗುತ್ತದೆ. ರೈತರು 'ಕದಿರಿ-6' ಎಂಬ ಬೀಜದ ಹೆಸರನ್ನು ಹೇಳುವುದನ್ನು ನೀವು ಕೇಳಿರಬಹುದು. ಈ ಬೀಜ ಎಲ್ಲಿಂದ ಬಂತು ಗೊತ್ತೇ? ಕದಿರಿಯ ಕೃಷಿ ಸಂಶೋಧನಾ ಕೇಂದ್ರದಿಂದ. ಅದು ರೈತರಿಗೆ ಬಿಡುಗಡೆಯಾದದ್ದು 2005ರಲ್ಲಿ.

ಹೊಸ ತಳಿ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ವಿಜ್ಞಾನಿಗಳು ಒಳ್ಳೆಯ ಗುಣಗಳಿರುವ ಎರಡು ತಳಿಗಳ ಹೂಗಳನ್ನು ಕೂಡಿಸಿ ಬೀಜ ಪಡೆಯುತ್ತಾರೆ. ಅದನ್ನು ಬಿತ್ತಿ, ಚೆನ್ನಾಗಿ ಬೆಳೆದ ಗಿಡಗಳನ್ನು ಆರಿಸುತ್ತಾರೆ. ಮತ್ತೆ ಬಿತ್ತುತ್ತಾರೆ, ಮತ್ತೆ ಆರಿಸುತ್ತಾರೆ. ಮಳೆ ಕಡಿಮೆಯಾದರೆ ತಾಳುವುದೇ, ರೋಗವನ್ನು ತಡೆಯುವುದೇ ಎಂದು ಹಲವು ಕಡೆ ಪರೀಕ್ಷಿಸುತ್ತಾರೆ. ಇದಕ್ಕೆ ಸುಮಾರು ಹತ್ತು ವರ್ಷ ಬೇಕು. ಅಷ್ಟು ಕಾಲವೂ ಹಣ, ಹೊಲ, ಪ್ರಯೋಗಾಲಯ, ಅನುಭವಿ ವಿಜ್ಞಾನಿಗಳು ಇರಬೇಕು. ನಡುವೆ ಒಂದು ವರ್ಷ ಬಿತ್ತನೆ ತಪ್ಪಿದರೂ ಕೆಲಸ ಹಿಂದೆ ಬೀಳುತ್ತದೆ.

ಹಾಗಾದರೆ ಒಂದು ರಾಜ್ಯ ಎರಡಾದಾಗ ಈ ಕೆಲಸ ಏನಾಗುತ್ತದೆ?

ಆಂಧ್ರಪ್ರದೇಶದ ಕೃಷಿ ವಿಶ್ವವಿದ್ಯಾಲಯವು 1964ರಲ್ಲಿ ಹೈದರಾಬಾದಿನ ರಾಜೇಂದ್ರನಗರದಲ್ಲಿ ಸ್ಥಾಪನೆಯಾಯಿತು. ಮುಂದೆ ಅದಕ್ಕೆ ರೈತನಾಯಕ ಆಚಾರ್ಯ ಎನ್.ಜಿ. ರಂಗಾ ಅವರ ಹೆಸರನ್ನು ಇಟ್ಟರು. ಕದಿರಿಯ ಕೇಂದ್ರವೂ ಅದಕ್ಕೇ ಸೇರಿದುದು. 2014ರ ಜೂನ್ 2ರಂದು ತೆಲಂಗಾಣ ಬೇರೆ ರಾಜ್ಯವಾಯಿತು. ರಾಜೇಂದ್ರನಗರ ತೆಲಂಗಾಣಕ್ಕೆ ಸೇರಿತು. ಕದಿರಿ ಆಂಧ್ರಪ್ರದೇಶದಲ್ಲಿ ಉಳಿಯಿತು. ಹೊಲವನ್ನಾಗಲಿ ಕಟ್ಟಡವನ್ನಾಗಲಿ ಎತ್ತಿಕೊಂಡು ಹೋಗಲು ಆಗುವುದಿಲ್ಲವಲ್ಲ! ರಾಜೇಂದ್ರನಗರದಲ್ಲಿ ಪ್ರೊಫೆಸರ್ ಜಯಶಂಕರ್ ಅವರ ಹೆಸರಿನ ವಿಶ್ವವಿದ್ಯಾಲಯ ಆರಂಭವಾಯಿತು. ರಂಗಾ ವಿಶ್ವವಿದ್ಯಾಲಯವು ಗುಂಟೂರಿನ ಬಳಿಯ ಲಾಂ ಎಂಬಲ್ಲಿ ತನ್ನ ಮುಖ್ಯ ಕಚೇರಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಐವತ್ತು ವರ್ಷ ಕೂಡಿ ಬೆಳೆಸಿದ್ದನ್ನು ಎರಡು ಕಡೆಗೆ ಹಂಚಬೇಕಾಯಿತು.

ಆದರೂ ಕದಿರಿಯ ಹೊಲಗಳಲ್ಲಿ ಕೆಲಸ ನಿಲ್ಲಲಿಲ್ಲ. ರಾಜ್ಯ ಎರಡಾದರೂ ದೇಶ ಒಂದೇ. ಕಡಲೆಕಾಯಿ ಸಂಶೋಧನೆಗೆ ಗುಜರಾತಿನ ಜುನಾಗಢದಲ್ಲಿ ರಾಷ್ಟ್ರೀಯ ಕೇಂದ್ರವಿದೆ. ಬೇರೆ ಬೇರೆ ರಾಜ್ಯಗಳ ವಿಜ್ಞಾನಿಗಳು ಒಬ್ಬರ ತಳಿಯನ್ನು ಇನ್ನೊಬ್ಬರು ಬೆಳೆದು ಪರೀಕ್ಷಿಸುತ್ತಾರೆ. 2014ರ ಬಳಿಕ 'ಕದಿರಿ ಲೇಪಾಕ್ಷಿ' ಎಂಬ ತಳಿಯೂ ರೈತರ ಕೈಗೆ ಬಂತು.

ದೇಶಗಳ ಒಕ್ಕೂಟವನ್ನು ಬಿಟ್ಟು ಬಂದಾಗ ತೊಡಕು ಇನ್ನೂ ಹೆಚ್ಚು. ಬ್ರಿಟನ್ ದೇಶವು 2020ರ ಜನವರಿ 31ರಂದು ಯುರೋಪ್ ಒಕ್ಕೂಟವನ್ನು ಬಿಟ್ಟಿತು. ಮರುವರ್ಷ ಆ ಒಕ್ಕೂಟವು 'ಹೊರೈಜನ್ ಯುರೋಪ್' ಎಂಬ ದೊಡ್ಡ ಸಂಶೋಧನಾ ಯೋಜನೆಯನ್ನು ಆರಂಭಿಸಿತು. ಬ್ರಿಟನ್ ಅದಕ್ಕೆ ಸೇರುವ ಒಪ್ಪಂದ ತಡವಾಯಿತು. ಬ್ರಿಟನ್ನಿನ ವಿಜ್ಞಾನಿಗಳಿಗೆ ಒಕ್ಕೂಟದ ಹಣ ಸಿಗದಾಯಿತು. ಕೆಲವರು ಅದಕ್ಕಾಗಿ ಒಕ್ಕೂಟದ ದೇಶಗಳಿಗೇ ಹೊರಟುಹೋದರು. ಉಳಿದವರಿಗೆ ಬ್ರಿಟನ್ ಸರ್ಕಾರ ಹಣ ಕೊಟ್ಟಿತು. ಆದರೆ ಹಣವಿದ್ದರೂ ಜೊತೆಗಾರರನ್ನು ಹುಡುಕುವುದು ಕಷ್ಟವಾಯಿತು. ಕೊನೆಗೆ 2023ರಲ್ಲಿ ಮಾತುಕತೆ ಮುಗಿದು, 2024ರ ಜನವರಿ 1ರಿಂದ ಬ್ರಿಟನ್ ಆ ಯೋಜನೆಗೆ ಸೇರಿತು.

ಗಡಿ ಒಂದು ದಿನದಲ್ಲಿ ಬದಲಾಗಬಹುದು. ಸಂಶೋಧನೆಗೆ ವರ್ಷಗಳು ಬೇಕು. ಕೂಡಿರಬೇಕೋ ಬೇರೆಯಾಗಬೇಕೋ ಎಂಬುದನ್ನು ದೊಡ್ಡವರು ಚರ್ಚಿಸಿ ತೀರ್ಮಾನಿಸುತ್ತಾರೆ. ಬೇರೆಯಾಗುವುದಾದರೆ ಹಣ ಎಲ್ಲಿಂದ ಬರುತ್ತದೆ, ಯಾರು ಯಾರ ಜೊತೆ ಕೆಲಸ ಮಾಡುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆಗ ಮಾತ್ರ ಮಳೆ ಕಡಿಮೆಯಿರುವ ನಮ್ಮ ಸೀಮೆಯ ರೈತರಿಗೆ ಒಳ್ಳೆಯ ಬೀಜ ಸಕಾಲಕ್ಕೆ ದೊರೆಯುತ್ತದೆ.

ಪದಗಳ ಅರ್ಥ
ತಳಿ: ಒಂದೇ ಬೆಳೆಯಲ್ಲಿನ ಬೇರೆ ಬೇರೆ ಬಗೆ
ಒಕ್ಕೂಟ: ಹಲವರು ಸೇರಿ ಮಾಡಿಕೊಂಡ ಕೂಟ
ತೊಡಕು: ಅಡ್ಡಿ, ಕಷ್ಟ

ಆಲೋಚಿಸಿ ಹೇಳಿರಿ
1. ಹೊಸ ತಳಿ ಸಿದ್ಧವಾಗಲು ಬಹಳ ವರ್ಷ ಏಕೆ ಬೇಕು?
2. ನಿಮ್ಮ ಊರಿನ ರೈತರು ಯಾವ ಕಡಲೆಕಾಯಿ ತಳಿ ಬಿತ್ತುತ್ತಾರೆ? ಕೇಳಿ ತಿಳಿದು ಬರೆಯಿರಿ.