ಆ ಹೆಚ್ಚುವರಿ ಹತ್ತು ಸಾವಿರ ಎಲ್ಲಿಗೆ ಹೋಗಬೇಕು?

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಅಪ್ಪ, ಅಮ್ಮ, ಮಗಳು ಒಟ್ಟಾಗಿ ಬರುತ್ತಾರೆ. ಎಷ್ಟು ಖರ್ಚು ಮಾಡಬೇಕು ಎಂಬುದು ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಅಂಗಡಿಯವರು ಆ ದುಡ್ಡಿಗೆ ಸಿಗುವ ಲ್ಯಾಪ್‌ಟಾಪ್ ತೋರಿಸುತ್ತಾರೆ, ಪಕ್ಕದಲ್ಲೇ ಇನ್ನೊಂದನ್ನು ತೆರೆದಿಡುತ್ತಾರೆ. ‘ಇನ್ನೊಂದು ಹತ್ತು ಸಾವಿರ ಹಾಕಿದ್ರೆ ಐ-7 ಬರುತ್ತೆ ಸರ್, ನಾಲ್ಕು ವರ್ಷ ಯೋಚನೆ ಇರಲ್ಲ.’ ಅಪ್ಪ ಮಗಳ ಮುಖ ನೋಡುತ್ತಾರೆ. ಓದುವ ಮಕ್ಕಳಿಗೆ ಕಡಿಮೆಯದು ಕೊಡಿಸಬಾರದೆಂಬ ಒಂದೇ ಕಾರಣಕ್ಕೆ ಹೆಚ್ಚಿನ ಮನೆಗಳಲ್ಲಿ ಆ ಹತ್ತು ಸಾವಿರ ಹೊರಟುಹೋಗುತ್ತದೆ.

ಹೆಚ್ಚಿಗೆ ಕೊಡುವುದರಲ್ಲಿ ತಪ್ಪಿಲ್ಲ. ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದು ಗೊತ್ತಿರಬೇಕು, ಅಷ್ಟೆ.

ಇಂಟೆಲ್‌ನ 13ನೇ ತಲೆಮಾರಿನ ಎರಡು ಪ್ರೊಸೆಸರ್‌ಗಳನ್ನೇ ನೋಡಿ. ಒಂದು ಐ5-1335ಯು, ಇನ್ನೊಂದು ಐ7-1355ಯು. ಎರಡರಲ್ಲೂ ಹತ್ತು ಕೋರ್, ಹನ್ನೆರಡು ಥ್ರೆಡ್, 12 ಎಂಬಿ ಕ್ಯಾಶ್. ಐ-5ರ ಗರಿಷ್ಠ ವೇಗ 4.6 ಗಿಗಾಹರ್ಟ್ಸ್, ಐ-7ರದು 5. ಒಳಗಿರುವ ಗ್ರಾಫಿಕ್ಸ್ ಘಟಕಗಳು ಐ-5ರಲ್ಲಿ 80, ಐ-7ರಲ್ಲಿ 96. ಆ ಗರಿಷ್ಠ ವೇಗವೂ ತೆಳು ಲ್ಯಾಪ್‌ಟಾಪಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚಿಪ್ ಬಿಸಿಯಾದೊಡನೆ ತಾನಾಗಿಯೇ ಇಳಿಯುತ್ತದೆ. ವರ್ಡ್, ಎಕ್ಸೆಲ್, ಬ್ರೌಸರ್, ಪೈಥಾನ್ ಕಲಿಕೆ, ಆನ್‌ಲೈನ್ ತರಗತಿ ಇಷ್ಟರಲ್ಲಿ ಇವೆರಡರ ವ್ಯತ್ಯಾಸವನ್ನು ಬಳಸುವವರು ಗುರುತಿಸುವುದು ಕಷ್ಟ.

ಸ್ಟಿಕ್ಕರ್ ಮೇಲಿನ ಅಂಕಿಗಿಂತ ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರ ಹೆಚ್ಚು ಹೇಳುತ್ತದೆ. ‘ಯು’ ಎಂದಿದ್ದರೆ ಬ್ಯಾಟರಿ ಉಳಿಸಲು ರೂಪಿಸಿದ, ಸುಮಾರು 15 ವ್ಯಾಟ್‌ನ ಚಿಪ್. ‘ಎಚ್’ ಎಂದಿದ್ದರೆ 45 ವ್ಯಾಟ್ ಎಳೆದುಕೊಂಡು ಭಾರದ ಕೆಲಸ ಮಾಡುವಂಥದ್ದು. ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡುವವರಿಗೆ ‘ಎಚ್’ ಸರಣಿಯ ಐ-5, ‘ಯು’ ಸರಣಿಯ ಐ-7ಗಿಂತ ಸಾಮಾನ್ಯವಾಗಿ ಮೇಲು. ಎಎಂಡಿಯ ಹೆಸರುಗಳಲ್ಲಿ ಇನ್ನೂ ಎಚ್ಚರ ಬೇಕು. ರೈಜನ್ 5 7520ಯು ಎಂದರೆ 2023ರ ಹೊಸ ಸರಕಿನಂತೆ ಕೇಳಿಸುತ್ತದೆ. ಆದರೆ ಅದರ ಮೂರನೇ ಅಂಕಿ 2 ಹೇಳುವುದು ಒಳಗಿರುವುದು 2019ರಲ್ಲಿ ಬಂದ ‘ಝೆನ್ 2’ ವಿನ್ಯಾಸ ಎಂಬುದನ್ನು. ಅದೇ 7000 ಸರಣಿಯ 7530ಯು ‘ಝೆನ್ 3’, 7640ಯು ‘ಝೆನ್ 4’. ಮೂರೂ ‘ರೈಜನ್ 5’. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಆ ‘5’ ಮಾತ್ರ.

ಹಾಗಾದರೆ ಹತ್ತು ಸಾವಿರ ಎಲ್ಲಿಗೆ ಹೋಗಬೇಕು? ಮೊದಲು ಕೇಳಬೇಕಾದದ್ದು ಇದು: ಈ ಭಾಗವನ್ನು ಎರಡು ವರ್ಷದ ನಂತರ ಬದಲಿಸಲು ಸಾಧ್ಯವೇ? ಸಾಧ್ಯವಿದ್ದರೆ ಇವತ್ತು ಕಾಯಬಹುದು. ಸಾಧ್ಯವಿಲ್ಲದಿದ್ದರೆ ಇವತ್ತೇ ಕೊಳ್ಳಬೇಕು.

ಈ ಪ್ರಶ್ನೆಗೆ ಮೊದಲು ಸಿಕ್ಕಿಬೀಳುವುದು ರ್‍ಯಾಮ್. ವಿಂಡೋಸ್ 11 ಓಡಲು ಕನಿಷ್ಠ 4 ಜಿಬಿ ಸಾಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅದು ಯಂತ್ರ ಚಾಲೂ ಆಗುವುದಕ್ಕೆ ಸಾಕು, ನೆಮ್ಮದಿಯ ಕೆಲಸಕ್ಕಲ್ಲ. ಕ್ರೋಮ್‌ನಲ್ಲಿ ಹದಿನೈದು ಟ್ಯಾಬ್, ಜೊತೆಗೆ ಝೂಮ್, ಜೊತೆಗೊಂದು ದೊಡ್ಡ ಎಕ್ಸೆಲ್ ಫೈಲ್ ತೆರೆದರೆ 8 ಜಿಬಿ ಭರ್ತಿ. ಆಮೇಲೆ ವಿಂಡೋಸ್ ಎಸ್‌ಎಸ್‌ಡಿಯ ಒಂದು ಭಾಗವನ್ನೇ ರ್‍ಯಾಮ್‌ನಂತೆ ಬಳಸತೊಡಗುತ್ತದೆ, ಯಂತ್ರ ತಡವರಿಸುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಕೆಲಸಕ್ಕೂ ಇದೇ 8 ಜಿಬಿಯಿಂದ ಪಾಲು ಹೋಗುತ್ತದೆ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಐ ಕೆಲಸಕ್ಕೆಂದು ರೂಪಿಸಿದ ‘ಕೋಪೈಲಟ್ ಪ್ಲಸ್ ಪಿಸಿ’ಗಳನ್ನು ಘೋಷಿಸಿದಾಗ ಅವುಗಳಿಗೆ 16 ಜಿಬಿ ಕಡ್ಡಾಯ ಮಾಡಿತು. ವರ್ಷಗಟ್ಟಲೆ 8 ಜಿಬಿ ಸಾಕೆಂದು ವಾದಿಸಿದ್ದ ಆ್ಯಪಲ್ ಕೂಡ ಅದೇ ವರ್ಷ ಅಕ್ಟೋಬರ್‌ನಲ್ಲಿ ಮ್ಯಾಕ್‌ಬುಕ್ ಏರ್‌ನ ಆರಂಭಿಕ ಬೆಲೆ ಏರಿಸದೆ ರ್‍ಯಾಮನ್ನು 16 ಜಿಬಿಗೆ ಏರಿಸಿತು. ಅದಕ್ಕೂ ಮೊದಲು ಇದೇ 8 ಜಿಬಿ ಹೆಚ್ಚಳಕ್ಕೆ ಭಾರತದ ಗ್ರಾಹಕರು ₹20,000 ತೆರುತ್ತಿದ್ದರು.

ರ್‍ಯಾಮನ್ನು ಮುಂದೆ ಹಾಕಿಸಿಕೊಳ್ಳೋಣ ಎಂಬ ಮಾತು ಹಿಂದೆ ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಪ್ಪುತ್ತಿತ್ತು. ಹಿಂಬದಿಯ ಸ್ಕ್ರೂ ಬಿಚ್ಚಿ ಇನ್ನೊಂದು ಸ್ಟಿಕ್ ಒತ್ತಿದರೆ ಮುಗಿಯುತ್ತಿತ್ತು. ಈಗ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ರ್‍ಯಾಮ್ ಪ್ರೊಸೆಸರ್‌ನ ಪೊಟ್ಟಣದೊಳಗೇ ಕೂತಿದೆ. ಅಲ್ಲಿ ಅಲ್ಟ್ರಾ 7 256ವಿ ಎಂದರೆ 16 ಜಿಬಿ, 258ವಿ ಎಂದರೆ 32 ಜಿಬಿ. ಕೊಂಡ ದಿನ ಎಷ್ಟಿತ್ತೋ ಯಂತ್ರ ಮೂಲೆ ಸೇರುವವರೆಗೂ ಅಷ್ಟೇ. ಇಂಥ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿದ್ದರೂ ಸರಿ, ರ್‍ಯಾಮ್ 16 ಜಿಬಿಗೆ ಕಡಿಮೆ ಇರುವುದನ್ನು ಮುಟ್ಟಬಾರದು.

ಸ್ಲಾಟ್ ಇರುವ ಮಾಡೆಲ್‌ಗಳು ಇನ್ನೂ ಇವೆ. ಅವುಗಳಲ್ಲಿ ಒಂದೇ 8 ಜಿಬಿ ಸ್ಟಿಕ್ ಹಾಕಿ ಮಾರುವುದು ರೂಢಿ. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್‌ಗೂ ರ್‍ಯಾಮ್‌ಗೂ ನಡುವಿನ ದಾರಿಗಳಲ್ಲಿ ಅರ್ಧದಷ್ಟು ಖಾಲಿ ಉಳಿಯುತ್ತದೆ. ಅದಕ್ಕೊಂದು ಸಾಕ್ಷಿ ಇಂಟೆಲ್‌ನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್. ಒಂದೇ ಸ್ಟಿಕ್ ಇದ್ದಾಗ ವಿಂಡೋಸ್‌ನಲ್ಲಿ ಅದರ ಹೆಸರೇ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ಕಾಣುತ್ತದೆ. ಎರಡನೆಯದನ್ನು ಹಾಕಿದ ಮೇಲೆ ‘ಐರಿಸ್ ಎಕ್ಸ್‌ಇ’ ಆಗುತ್ತದೆ. ಬಹಳ ಮಂದಿಯ ಲ್ಯಾಪ್‌ಟಾಪಿನಲ್ಲಿ ದುಡ್ಡು ಕೊಟ್ಟ ಗ್ರಾಫಿಕ್ಸ್ ಶಕ್ತಿಯ ಒಂದು ಭಾಗ ಹೀಗೆ ಮಲಗಿಯೇ ಇದೆ. ಎರಡನೇ ಸ್ಟಿಕ್‌ಗೆ ಮಾಡಿದ ಖರ್ಚು ಎಂದೂ ವ್ಯರ್ಥವಲ್ಲ.

ಅದನ್ನು ಮುಂದಕ್ಕೆ ಹಾಕಬೇಡಿ ಎನ್ನಲು ಈಗ ಇನ್ನೊಂದು ಕಾರಣವೂ ಇದೆ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಗೆ ಬೇಡಿಕೆ ನುಗ್ಗಿದ್ದರಿಂದ ತಯಾರಕರು ಆ ಕಡೆ ತಿರುಗಿದರು. ಆ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ, ಬಿಡಿ ರ್‍ಯಾಮ್ ಕೊಳ್ಳುವವರಿಗೆ ಚಿರಪರಿಚಿತವಾಗಿದ್ದ ತನ್ನ ‘ಕ್ರೂಶಿಯಲ್’ ಬ್ರ್ಯಾಂಡಿನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಮುಂದೆ ಅಗ್ಗವಾದಾಗ ಹಾಕಿಸೋಣ ಎಂಬ ಹಳೆಯ ಲೆಕ್ಕ ಸದ್ಯಕ್ಕೆ ನಂಬುವಂತಿಲ್ಲ.

ಎಸ್‌ಎಸ್‌ಡಿ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಎಂ.2 ಸ್ಲಾಟಿನಲ್ಲಿರುತ್ತದೆ, ಬದಲಿಸಬಹುದು. 512 ಜಿಬಿಯಿಂದ ಶುರುಮಾಡಿದರೆ ಸಾಕು. ವಿಂಡೋಸ್ ಅದನ್ನು 476 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ, ಎಣಿಸುವ ಕ್ರಮದ ವ್ಯತ್ಯಾಸ ಅಷ್ಟೆ. ಸೆಕೆಂಡಿಗೆ 3,500 ಎಂಬಿ, 7,000 ಎಂಬಿ ಎಂಬ ವೇಗದ ಪೈಪೋಟಿಯೂ ದಿನದ ಕೆಲಸದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬದಲಿಸಲು ಹೊರಟಾಗ ಮಾತ್ರ ಬಿಟ್‌ಲಾಕರ್ ರಿಕವರಿ ಕೀ ಎಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಹೊಸ ಯಂತ್ರಗಳಲ್ಲಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಆ ಕೀ ಇಲ್ಲದಿದ್ದರೆ ಫೈಲ್‌ಗಳು ಕೈಗೆ ಸಿಗದೆ ಹೋಗಬಹುದು. ಮ್ಯಾಕ್‌ಬುಕ್‌ಗಳ ಕಥೆ ಬೇರೆ. ಅವುಗಳ ಎಸ್‌ಎಸ್‌ಡಿ ಬದಲಿಸುವಂತಿಲ್ಲ. 2022ರ ಎಂ2 ಮ್ಯಾಕ್‌ಬುಕ್ ಏರ್‌ನ 256 ಜಿಬಿ ಮಾದರಿಯಲ್ಲಿ ಎರಡರ ಬದಲು ಒಂದೇ ಮೆಮೊರಿ ಚಿಪ್ ಬಳಸಿದ್ದರಿಂದ ಅದರ ವೇಗ ಹಿಂದಿನ ಎಂ1 ಮಾದರಿಗಿಂತಲೂ ಕಡಿಮೆ ಇತ್ತು.

ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ದಿನಕ್ಕೆ ಎಂಟು ಗಂಟೆ ಎದುರಿಗಿರುವ ಭಾಗವೆಂದರೆ ಪರದೆ. ಬಜೆಟ್ ಲ್ಯಾಪ್‌ಟಾಪ್‌ಗಳ ವಿವರದಲ್ಲಿ ‘45% ಎನ್‌ಟಿಎಸ್‌ಸಿ, 250 ನಿಟ್ಸ್’ ಎಂಬ ಸಣ್ಣ ಅಕ್ಷರದ ಸಾಲಿರುತ್ತದೆ. ಅದರ ಅರ್ಥ, ಸಾಮಾನ್ಯ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬಣ್ಣಗಳು ಆ ಪರದೆಯಲ್ಲಿ ಕಾಣುವುದೇ ಇಲ್ಲ ಮತ್ತು ಕಿಟಕಿಯ ಬಳಿ ಕೂತರೆ ಮಂಕಾಗುತ್ತದೆ. ಮದುವೆ ಆಲ್ಬಂ ಮಾಡುವ ಸ್ಟುಡಿಯೊದವರು, ಆಮಂತ್ರಣ ಪತ್ರಿಕೆ ಅಚ್ಚು ಹಾಕುವ ಡಿಟಿಪಿಯವರು ಇಂಥ ಪರದೆಯ ಮೇಲೆ ಬಣ್ಣ ಸರಿಮಾಡಿದರೆ ಪ್ರಿಂಟ್ ಬಂದಾಗ ಬೇರೆಯೇ ಬಣ್ಣ ಕಾಣುತ್ತದೆ. 100% ಎಸ್‌ಆರ್‌ಜಿಬಿ, 300 ನಿಟ್ಸ್ ಇರುವ ಪರದೆಗೆ ಐದಾರು ಸಾವಿರ ಹೆಚ್ಚು ಕೊಡುವುದು ಐ-7ಗೆ ಹತ್ತು ಕೊಡುವುದಕ್ಕಿಂತ ಬುದ್ಧಿವಂತಿಕೆ.

ಕನ್ನಡ ಓದುವ, ಬರೆಯುವವರಿಗೆ ಇದು ಇನ್ನಷ್ಟು ಮುಖ್ಯ. ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಅಕ್ಷರದಲ್ಲಿ ಸುರುಳಿ ಹೆಚ್ಚು, ಒತ್ತಕ್ಷರ ಕೆಳಗೆ ಪುಟ್ಟದಾಗಿ ಕೂರುತ್ತದೆ. 1366×768ರ ಹಳೆಯ ಪರದೆಯಲ್ಲಿ ‘ಕ್ಷ್ಮ’, ‘ಸ್ತ್ರೀ’ಗಳ ಒತ್ತು ಕಲೆಸಿಹೋಗುತ್ತದೆ. 1920×1200 ಇದ್ದರೆ ಒತ್ತು ಸ್ಪಷ್ಟ. 1080 ಸಾಲುಗಳ ಪರದೆಗಿಂತ 120 ಸಾಲು ಹೆಚ್ಚಿರುವುದರಿಂದ ಪುಟದ ಇನ್ನಷ್ಟು ಭಾಗವೂ ಒಮ್ಮೆಗೇ ಕಾಣುತ್ತದೆ.

ಗ್ರಾಫಿಕ್ಸ್ ಕಾರ್ಡ್ ಯಾರಿಗೆ ಬೇಕು? ಆಟ ಆಡುವವರಿಗೆ, ತ್ರೀಡಿ ಮಾಡುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ, ತಮ್ಮ ಯಂತ್ರದಲ್ಲೇ ಎಐ ಮಾಡೆಲ್‌ಗಳನ್ನು ಓಡಿಸಿ ಕಲಿಯುವವರಿಗೆ ಬೇಕು. ಮಷಿನ್ ಲರ್ನಿಂಗ್‌ನ ಬಹಳಷ್ಟು ತಂತ್ರಾಂಶ ಎನ್‌ವಿಡಿಯಾ ಕಾರ್ಡ್‌ಗಳಿಗೆಂದೇ ಇರುವ ‘ಕುಡಾ’ ತಂತ್ರಾಂಶ ವೇದಿಕೆಯನ್ನು ನೆಚ್ಚಿಕೊಂಡಿದೆ. ಟ್ಯಾಲಿ, ಆಫೀಸ್, ಕೋಡಿಂಗ್ ಅಷ್ಟೇ ಇರುವವರಿಗೆ ಅದು ಬರೀ ತೂಕ, ಬಿಸಿ, ಬ್ಯಾಟರಿಗೆ ಹೊರೆ. ಬೇಕಾದವರೂ ಹೆಸರು ನೋಡಿ ಮೋಸಹೋಗಬಾರದು: ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ಕಂಪನಿಯೇ ನಿರ್ಧರಿಸುತ್ತದೆ. ಎರಡು ತುದಿಗಳ ನಡುವೆ ಸಾಮರ್ಥ್ಯದಲ್ಲಿ ಅಜಗಜಾಂತರ.

ವಿಡಿಯೊ ಎಡಿಟ್ ಮಾಡುವವರು ಇಲ್ಲೊಂದು ವಿಷಯ ತಿಳಿದಿರಬೇಕು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು 10 ಬಿಟ್ 4:2:2 ಎಂಬ ಮಾದರಿಯಲ್ಲಿ ಚಿತ್ರೀಕರಿಸುತ್ತವೆ. ಆ ಮಾದರಿಯ ಎಚ್‌ಇವಿಸಿ ಫೈಲ್‌ಗಳನ್ನು ಸರಾಗವಾಗಿ ಬಿಡಿಸುವ ಯಂತ್ರಾಂಶ 11ನೇ ತಲೆಮಾರಿನಿಂದಲೇ ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದೆ. ಎನ್‌ವಿಡಿಯಾದಲ್ಲಿ ಅದು ಬಂದದ್ದು ಆರ್‌ಟಿಎಕ್ಸ್ 50 ಸರಣಿಯಿಂದ. ಮದುವೆ ವಿಡಿಯೊ ಕತ್ತರಿಸುವವರಿಗೆ ದುಬಾರಿ 40 ಸರಣಿಯ ಕಾರ್ಡ್ ಈ ಒಂದು ವಿಷಯದಲ್ಲಿ ಕೈಕೊಡುತ್ತದೆ, ಒಳಗಿನ ಸಾದಾ ಇಂಟೆಲ್ ಗ್ರಾಫಿಕ್ಸ್ ಕೈಹಿಡಿಯುತ್ತದೆ.

‘ಎಐ ಲ್ಯಾಪ್‌ಟಾಪ್’ ಎಂಬ ಹೆಸರಿಗೆ ಮಾತ್ರ ಇವತ್ತು ಹೆಚ್ಚು ದುಡ್ಡು ಕೊಡಬೇಡಿ. ಕೋಪೈಲಟ್ ಪ್ಲಸ್ ಯಂತ್ರಗಳಲ್ಲಿ ಸೆಕೆಂಡಿಗೆ 40 ಲಕ್ಷ ಕೋಟಿಗೂ ಹೆಚ್ಚು ಲೆಕ್ಕ ಮಾಡುವ ಎನ್‌ಪಿಯು ಎಂಬ ಎಐ ಘಟಕ ಇರುತ್ತದೆ, ನಿಜ. ಆದರೆ ಬ್ರೌಸರ್‌ನಲ್ಲಿ ತೆರೆಯುವ ಚಾಟ್‌ಜಿಪಿಟಿ, ಜೆಮಿನಿಗಳು ಓಡುವುದು ಆ ಕಂಪನಿಗಳ ಸರ್ವರ್‌ಗಳಲ್ಲಿ. ಅವುಗಳಿಗೆ ನಿಮ್ಮ ಎನ್‌ಪಿಯು ಬೇಕಿಲ್ಲ.

ಗುತ್ತಿಗೆದಾರರು, ತೆರಿಗೆ ಸಲಹೆಗಾರರು ಇನ್ನೊಂದು ಎಚ್ಚರ ವಹಿಸಬೇಕು. ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬಾಳಿಕೆ ಚೆನ್ನಾಗಿದೆ. ಆದರೆ ಅವುಗಳಿಗೆ ಆರ್ಮ್ ವಿನ್ಯಾಸಕ್ಕೆಂದೇ ಬರೆದ ಡ್ರೈವರ್‌ಗಳೇ ಬೇಕು. ಟೆಂಡರ್, ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಅಂಥ ಡ್ರೈವರ್ ಇದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ದುಡ್ಡು ಕೊಡಿ.

ಬ್ಯಾಟರಿಯನ್ನು ಜಾಹೀರಾತಿನ ಗಂಟೆಗಳಲ್ಲಿ ಅಳೆಯುವ ಬದಲು ವ್ಯಾಟ್-ಅವರ್‌ನಲ್ಲಿ ನೋಡಬೇಕು. ಅಗ್ಗದ ಮಾಡೆಲ್‌ಗಳಲ್ಲಿ 41-42 ಇರುತ್ತದೆ. 60 ದಾಟಿದ್ದರೆ ಕರೆಂಟು ಹೋಗಿಬರುವ ಊರಿನಲ್ಲೂ ಅರ್ಧ ದಿನದ ಕೆಲಸ ಸಾಗುತ್ತದೆ. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವ ಮಾಡೆಲ್ ಆದರೆ ಚಾರ್ಜರ್ ಹಾಳಾದಾಗ ಬೇರೆಯದು ಸುಲಭವಾಗಿ ಸಿಗುತ್ತದೆ.

ಇನ್ನು, ಯಂತ್ರದ ಹೊರಗಿನ ಒಂದು ಅಪ್‌ಗ್ರೇಡ್: ಮನೆಗೇ ಬಂದು ರಿಪೇರಿ ಮಾಡುವ ಮೂರು ವರ್ಷದ ಆನ್‌ಸೈಟ್ ವಾರಂಟಿ. ಬೆಂಗಳೂರಿನವರಿಗೆ ಇದು ಐಚ್ಛಿಕ. ಅಧಿಕೃತ ಸರ್ವಿಸ್ ಸೆಂಟರ್‌ಗೆ ಜಿಲ್ಲಾ ಕೇಂದ್ರಕ್ಕೋ ಅದರಾಚೆಗೋ ಹೋಗಬೇಕಾದ ತಾಲ್ಲೂಕಿನವರಿಗೆ ಐ-7, ಟಚ್‌ಸ್ಕ್ರೀನ್, ಎನ್‌ಪಿಯು ಎಲ್ಲಕ್ಕಿಂತ ಮೊದಲು ಇದು. ಕೊಳ್ಳುವ ಮುನ್ನ ಆ ಸೇವೆ ನಿಮ್ಮ ಪಿನ್‌ಕೋಡ್‌ಗೆ ಉಂಟೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಹೊಸದಕ್ಕೆ ದುಡ್ಡು ಸಾಲದವರು ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್ ನೋಡುವುದೂ ಒಳ್ಳೆಯ ದಾರಿಯೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು ಬೇಕು. ಅದಕ್ಕಿಂತ ಹಳೆಯ ಯಂತ್ರವನ್ನು 16 ಜಿಬಿ ರ್‍ಯಾಮ್ ತೋರಿಸಿ ಮಾರಲು ಬಂದರೆ ಬೇಡವೆನ್ನಿ.

ಅಂಗಡಿಗೆ ಹೊರಡುವ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ನಿಮಗೆ ಹಿಡಿಸಿದ ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ಸಂಖ್ಯೆ ಹಿಡಿದು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಲೆನೊವೊದ ‘ಪಿಎಸ್‌ರೆಫ್’ ತಾಣದಲ್ಲಿ, ಎಚ್‌ಪಿ ಮತ್ತು ಡೆಲ್‌ನ ಸರ್ವಿಸ್ ಕೈಪಿಡಿಗಳಲ್ಲಿ ರ್‍ಯಾಮ್ ಸ್ಲಾಟ್ ಎಷ್ಟು, ಪರದೆ ಯಾವುದು, ಬ್ಯಾಟರಿ ಎಷ್ಟು ವ್ಯಾಟ್-ಅವರ್ ಎಂಬುದೆಲ್ಲ ಪುಕ್ಕಟೆ ಸಿಗುತ್ತದೆ. ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಬಗೆಯ ಪರದೆಗಳಿರಬಹುದಾದ್ದರಿಂದ ಬಿಲ್ಲಿನ ಮೇಲೆ ಹೆಸರಷ್ಟೇ ಅಲ್ಲ, ಆ ಪೂರ್ತಿ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಿ ಬಿಲ್ಲಿನ ಸಂಖ್ಯೆಯನ್ನೂ ಯಂತ್ರದ ಸಂಖ್ಯೆಯನ್ನೂ ತಾಳೆ ನೋಡಿದ ಮೇಲೆ ದುಡ್ಡು ಕೊಡಿ.