ಚೆಕ್ಕು ಮರಳಿದಾಗ ಗುಮಾಸ್ತರೇ ಕಾನೂನು ವಿಭಾಗ
ದೊಡ್ಡ ಕಂಪನಿಗಳಲ್ಲಿ ಪ್ರತ್ಯೇಕ ಕಾನೂನು ವಿಭಾಗವೇ ಇರುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಾಗಲಿ, ಅಥಣಿಯ ಚಪ್ಪಲಿ ತಯಾರಕರಲ್ಲಾಗಲಿ ಆ ಹೊಣೆ ಲೆಕ್ಕ ಬರೆಯುವ ಗುಮಾಸ್ತರದು. ಇಚಲಕರಂಜಿಯ ಗ್ರಾಹಕರ ಚೆಕ್ಕು ಹಣವಿಲ್ಲದೆ ಮರಳಿದರೆ, ಬ್ಯಾಂಕಿನ ಮಾಹಿತಿ ಕೈಸೇರಿದ 30 ದಿನಗಳೊಳಗೆ ಲಿಖಿತ ನೋಟಿಸು ನೀಡಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದಲ್ಲಿ, ಅನಂತರದ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ದೂರಿನ ವಿಳಂಬವನ್ನು ಸಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು. ನೋಟಿಸಿನ ವಿಳಂಬಕ್ಕೆ ಆ ಅವಕಾಶವಿಲ್ಲ. ಹಳೆಯ ಗಿರಾಕಿಯೆಂಬ ದಾಕ್ಷಿಣ್ಯದಲ್ಲಿ ಕಳೆದುಹೋಗುವುದು ಈ 30 ದಿನಗಳೇ.

ದೂರಿಗಾಗಿ ಮಹಾರಾಷ್ಟ್ರಕ್ಕೆ ಅಲೆಯಬೇಕೆಂಬ ಅಂಜಿಕೆಯೂ ಉಂಟು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ನಿಜವೇ ಆಗಿತ್ತು. 2015ರ ತಿದ್ದುಪಡಿಯ ಬಳಿಕ, ಚೆಕ್ಕನ್ನು ಖಾತೆಗೆ ಜಮಾ ಮಾಡಿದವರು ತಮ್ಮ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ದೂರು ನೀಡಬಹುದಾಗಿದೆ. ಮರಳಿದ ಚೆಕ್ಕು, ಬ್ಯಾಂಕಿನ ಚೀಟಿ, ನೋಟಿಸಿನ ಅಂಚೆ ರಸೀದಿ ಇವನ್ನು ಒಂದೇ ಕಡತದಲ್ಲಿರಿಸಿ, ದಿನಾಂಕಗಳನ್ನು ಅಂದಂದೇ ಬರೆಯಿಸತಕ್ಕದ್ದು.